ದ್ರಾಕ್ಷಿ ತೋಟದ ಸೆನ್ಸರ್: ಕಳುಹಿಸಿದ್ದೆಷ್ಟು, ತಲುಪಿದ್ದೆಷ್ಟು?

ಪ್ರಶ್ನೆ: ನಮಸ್ಕಾರ ಸರ್. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ಆರು ಎಕರೆ ದ್ರಾಕ್ಷಿ. ಮಣ್ಣಿನ ಮತ್ತು ಎಲೆಯ ತೇವ ಅಳೆಯಲು 24 ಲೋರಾ ನೋಡ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ರೇಡಿಯೋ ಸಂದೇಶ ಕಳುಹಿಸುವ ಸೆನ್ಸರ್ ಪೆಟ್ಟಿಗೆ) ಹಾಕಿದ್ದೇವೆ. ಪ್ರತಿಯೊಂದೂ 15 ನಿಮಿಷಕ್ಕೊಮ್ಮೆ 20 ಬೈಟ್ ಕಳುಹಿಸುತ್ತದೆ. ಮಾಳಿಗೆಯ ಮೇಲೆ ಅವುಗಳ ಸಂದೇಶ ಹಿಡಿಯುವ, ಒಂದೇ ಚಾನೆಲ್‌ನ ಗೇಟ್‌ವೇ ಇದೆ. ದಿನವೂ ಒಂದಷ್ಟು ಅಳತೆ ಬರುವುದೇ ಇಲ್ಲ. 7 ಮತ್ತು 12ನೆಯ ನೋಡ್ ಒಟ್ಟಿಗೇ ಮಾಯವಾಗಿ, ಎರಡು ದಿನ ಬಿಟ್ಟು ತಾವಾಗಿಯೇ ಮರಳುತ್ತವೆ. ದೂರ ಸಾಲದೇನೋ ಎಂದು ಎಲ್ಲವನ್ನೂ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್; ಇದು ಹೆಚ್ಚಿದಷ್ಟೂ ಸಂದೇಶ ನಿಧಾನ, ಆದರೆ ದೂರ ತಲುಪುತ್ತದೆ) 12ಕ್ಕೆ ಏರಿಸಿದೆ, ನಷ್ಟ ಇನ್ನೂ ಹೆಚ್ಚಾಯಿತು. ಮಾರಿದವರು ಇನ್ನೊಂದು ಗೇಟ್‌ವೇ ಹಾಕಿ ಎನ್ನುತ್ತಾರೆ. ಕೊಳ್ಳಬೇಕೇ?

ಉತ್ತರ: ಈಗಲೇ ಕೊಳ್ಳಬೇಡಿ. ಒಟ್ಟಿಗೇ ಹೋಗಿ ಒಟ್ಟಿಗೇ ಬರುವ ಆ ಎರಡು ನೋಡ್‌ಗಳೇ ಕಾರಣ ಹೇಳುತ್ತಿವೆ. ಅವು ಒಂದರ ಮಾತಿನ ಮೇಲೆ ಇನ್ನೊಂದು ಮಾತಾಡುತ್ತಿವೆ.

ಎಸ್‌ಎಫ್ 7ರಲ್ಲಿ, 125 ಕಿಲೋಹರ್ಟ್ಸ್‌ನಲ್ಲಿ, 20 ಬೈಟ್ ಕಳುಹಿಸಲು ಸುಮಾರು 57 ಮಿಲಿಸೆಕೆಂಡ್ ಸಾಕು. ಎಸ್‌ಎಫ್ 12ರಲ್ಲಿ ಅದಕ್ಕೇ 1.3 ಸೆಕೆಂಡ್ ಬೇಕು, ಹಾಗಾಗಿ ಡಿಕ್ಕಿಯೂ ಹೆಚ್ಚು. ನೋಡ್‌ಗಳ ಹರಳು ಗಡಿಯಾರಗಳ ನಡುವೆ ದಿನಕ್ಕೆ ಒಂದು ಸೆಕೆಂಡಿನಷ್ಟು ವ್ಯತ್ಯಾಸ ಬರುವುದು ಸಾಮಾನ್ಯ. ಎಸ್‌ಎಫ್ 12ರಲ್ಲಿ ಎರಡು ನೋಡ್‌ಗಳ ಸಮಯ ಒಮ್ಮೆ ಕೂಡಿಕೊಂಡರೆ ಅವು ಬಿಡಿಸಿಕೊಳ್ಳಲು ಎರಡು ದಿನ ಬೇಕಾಗುತ್ತದೆ. ಪ್ರತಿ ಬಾರಿ ಕಳುಹಿಸುವ ಮೊದಲು ನೋಡ್ ಯಾದೃಚ್ಛಿಕವಾಗಿ ಸೊನ್ನೆಯಿಂದ ಐದು ನಿಮಿಷ ಕಾಯುವಂತೆ ಮಾಡಿ. ಆಗ ಒಮ್ಮೆ ಡಿಕ್ಕಿಯಾದರೂ ಮುಂದಿನ ಸಲ ದಾರಿ ಬೇರೆಯಾಗುತ್ತದೆ.

ಆದರೆ ಇದನ್ನು ಮಾಡುವ ಮೊದಲು ಅಳೆಯಿರಿ. ಇಲ್ಲದಿದ್ದರೆ ಸುಧಾರಿಸಿತೇ ಎಂಬುದು ತಿಳಿಯುವುದಿಲ್ಲ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಸೇರಿಸಿ. ಒಂದು ನೋಡ್‌ನಿಂದ ದಿನಕ್ಕೆ 96 ಬರಬೇಕು. ಎಷ್ಟು ಬಂದವು ಎಂಬುದನ್ನು ನೋಡ್‌ವಾರು, ಗಂಟೆವಾರು ಬರೆದಿಡಿ. ಒಟ್ಟು ಸರಾಸರಿಯನ್ನು ನಂಬಬೇಡಿ: ಎರಡು ನೋಡ್ ಪೂರ್ತಿ ಸತ್ತಿದ್ದರೂ ಉಳಿದವು ಸರಿಯಿದ್ದರೆ ಅದು ಶೇ 92 ಎಂದೇ ತೋರಿಸುತ್ತದೆ. ದಾವಣಿ ರೋಗಕ್ಕೆ (ಡೌನಿ ಮಿಲ್ಡ್ಯೂ, ಎಲೆಯ ತೇವದಿಂದ ಹರಡುವ ಬೂಜು ರೋಗ) ಔಷಧಿ ಹೊಡೆಯುವ ನಿರ್ಧಾರ ರಾತ್ರಿಯ ಎಲೆತೇವದ ಮೇಲೆ ನಿಂತಿರುವಾಗ, ಆ ಎರಡು ನೋಡ್ ಇರುವ ಸಾಲುಗಳೇ ನಿಮಗೆ ಮುಖ್ಯ. ಕ್ರಮಸಂಖ್ಯೆ ಮತ್ತೆ 1ರಿಂದ ಶುರುವಾದರೆ ನೋಡ್ ಆಫ್ ಆಗಿ ಆನ್ ಆಗಿದೆ ಎಂದರ್ಥ. ಅದನ್ನೂ ಗುರುತು ಮಾಡಿಕೊಳ್ಳಿ.

ಜೊತೆಗೆ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಳತೆ) ದಾಖಲಿಸಿ. ಎಸ್‌ಎಫ್ 7ಕ್ಕೆ ಅದು ಮೈನಸ್ 7.5 ಡೆಸಿಬೆಲ್‌ಗಿಂತ ಕೆಳಗಿಳಿಯಬಾರದು. ಅತಿ ದೂರದ ನೋಡ್‌ಗೂ ಅದಕ್ಕಿಂತ 10 ಡೆಸಿಬೆಲ್ ಹೆಚ್ಚು ಸಿಗುತ್ತಿದ್ದರೆ ಎಲ್ಲವನ್ನೂ, ಗೇಟ್‌ವೇ ಸಮೇತ, ಎಸ್‌ಎಫ್ 7ಕ್ಕೆ ಇಳಿಸಿ. ಚಾಟ್ನಿಯಾದ (ಬಳ್ಳಿ ಸವರಿದ) ಮೇಲೆ ಚಪ್ಪರ ಬರಿದಾಗಿರುವಾಗ ಮಾತ್ರ ಅಳೆದು ಬಿಡಬೇಡಿ. ಎಲೆ ದಟ್ಟವಾದಾಗ ಅದರಲ್ಲಿನ ನೀರು ಸಿಗ್ನಲ್ ನುಂಗುತ್ತದೆ. ಆಂಟೆನಾವನ್ನು ಚಪ್ಪರದ ತಂತಿಗೆ ಕಟ್ಟಿದ್ದರೆ ಬಿಚ್ಚಿ, ಎಲೆಗಳಿಂದ ಮೇಲಕ್ಕೆ ಬಿದಿರಿನ ಗಳಕ್ಕೆ ಏರಿಸಿ.

ಪ್ರಶ್ನೆ: ನಿಜ ಸರ್, ತಂತಿಗೇ ಕಟ್ಟಿದ್ದೆವು! ಇನ್ನೊಂದು ವಿಷಯ: 2600 ಎಂಎಎಚ್ ಬ್ಯಾಟರಿ ಮೂರೇ ವಾರದಲ್ಲಿ ಖಾಲಿಯಾಗುತ್ತದೆ. ಎಸ್‌ಎಫ್ ಇಳಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸ್ವಲ್ಪ ಉಳಿಯುತ್ತದೆ, ಆದರೆ ಸೋರಿಕೆ ಬೇರೆ ಕಡೆಯೂ ಇರಬಹುದು. ನೋಡ್ ನಿದ್ರೆಯಲ್ಲಿರುವಾಗ ಮಲ್ಟಿಮೀಟರ್ ಸರಣಿಯಲ್ಲಿ ಹಾಕಿ ನೋಡಿ. 5 ಮಿಲಿಆಂಪಿಯರ್ ತೋರಿಸಿದರೆ ಲೆಕ್ಕ ಕೂಡುತ್ತದೆ: 520 ಗಂಟೆ, ಅಂದರೆ ಮೂರು ವಾರ. ಬೋರ್ಡಿನ ಮೇಲೆ ಸದಾ ಉರಿಯುವ ಎಲ್‌ಇಡಿ, ನಿರಂತರ ವಿದ್ಯುತ್ ಪಡೆಯುವ ಮಣ್ಣಿನ ಸೆನ್ಸರ್, ವೋಲ್ಟೇಜ್ ರೆಗ್ಯುಲೇಟರ್, ಈ ಮೂರನ್ನು ಮೊದಲು ಅನುಮಾನಿಸಿ. ಸೆನ್ಸರ್‌ಗೆ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಮೂಲಕ ಅಳೆಯುವ ಹೊತ್ತಿಗೆ ಮಾತ್ರ ವಿದ್ಯುತ್ ಕೊಡಿ. ಮೊದಲು ಒಂದೇ ನೋಡ್ ಬದಲಿಸಿ, ಒಂದು ವಾರ ಹಳೆಯದರ ಪಕ್ಕದಲ್ಲೇ ಇಟ್ಟು ಎರಡರ ಅಂಕಿಗಳನ್ನೂ ಇಲ್ಲಿ ಹಾಕಿ, ಕೂಡಿ ನೋಡೋಣ.