ಸಣ್ಣ ವಿಮಾನಗಳು ಬೀಳುವುದೇಕೆ? ನಿರ್ವಹಣಾ ಎಂಜಿನಿಯರೊಬ್ಬರ ಉತ್ತರಗಳು

ಈ ವಾರ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಿದವರು ತರಬೇತಿ ವಿಮಾನಗಳ ನಿರ್ವಹಣೆಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್.

ಪ್ರಶ್ನೆ (ಮೈಸೂರಿನ ಸದಸ್ಯೆ): ನಮಸ್ಕಾರ ಸರ್. ನಮ್ಮ ಮಗ ಪೈಲಟ್ ತರಬೇತಿಗೆ ಸೇರಿದ್ದಾನೆ. ಅಲ್ಲಿರುವ ಸೆಸ್ನಾ ವಿಮಾನಗಳಲ್ಲಿ ಕೆಲವು ಅವನಿಗಿಂತ ಹಳೆಯವಂತೆ. ನಟಿ ಸೌಂದರ್ಯ ತೀರಿಕೊಂಡ ದಿನ ಟಿವಿಯಲ್ಲಿ ನೋಡಿದ್ದನ್ನು ನಾನಿನ್ನೂ ಮರೆತಿಲ್ಲ. ಹಳೆಯ ಎಂಜಿನ್ ಆಕಾಶದಲ್ಲಿ ನಿಂತುಹೋಗುವುದೇ ಇಂಥ ಅಪಘಾತಗಳಿಗೆ ಮುಖ್ಯ ಕಾರಣವೇ?

ಉತ್ತರ: ನಮಸ್ಕಾರ ಅಮ್ಮ. ನೀವು ಹೇಳಿದ ಅಪಘಾತ ನಡೆದದ್ದು 2004ರ ಏಪ್ರಿಲ್ 17ರಂದು. ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದ ಸೆಸ್ನಾ 180 ವಿಮಾನವು ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಸಮೀಪದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು, ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಆ ಘಟನೆಗೆ ಇಂಥದ್ದೇ ಕಾರಣ ಎಂದು ಇಲ್ಲಿ ಕುಳಿತು ತೀರ್ಪು ಕೊಡುವುದು ಸರಿಯಲ್ಲ. ಆದರೆ ಅದು ನಡೆದ ಹಂತವನ್ನು ಗಮನಿಸಿ. ಮೇಲೇರುವುದು ಮತ್ತು ಇಳಿಯುವುದು ಒಟ್ಟು ಹಾರಾಟದಲ್ಲಿ ಕೆಲವೇ ನಿಮಿಷಗಳ ಕೆಲಸವಾದರೂ ಸಣ್ಣ ವಿಮಾನಗಳ ಅಪಘಾತಗಳಲ್ಲಿ ದೊಡ್ಡ ಪಾಲು ಆ ನಿಮಿಷಗಳಲ್ಲೇ ಸಂಭವಿಸುತ್ತದೆ. ಅಲ್ಲಿ ಎತ್ತರ ಕಡಿಮೆ, ವೇಗ ಕಡಿಮೆ, ಯೋಚಿಸಲು ಸಿಗುವ ಸಮಯ ಇನ್ನೂ ಕಡಿಮೆ.

ಹಳೆಯ ವಿಮಾನದ ವಿಷಯಕ್ಕೆ ಬರುತ್ತೇನೆ. ವಿಮಾನದ ವಯಸ್ಸನ್ನು ನಾವು ವರ್ಷಗಳಿಗಿಂತ ಹೆಚ್ಚಾಗಿ ಹಾರಾಟದ ಗಂಟೆಗಳಲ್ಲಿ ಲೆಕ್ಕ ಹಾಕುತ್ತೇವೆ. 50 ಮತ್ತು 100 ಗಂಟೆಗಳ ತಪಾಸಣೆಗಳು ಇದ್ದೇ ಇರುತ್ತವೆ. ಸೆಸ್ನಾ 172ರಲ್ಲಿರುವಂಥ ಲೈಕಮಿಂಗ್ ಎಂಜಿನ್ನನ್ನು ಸಾಮಾನ್ಯವಾಗಿ 2000 ಗಂಟೆಗಳಾದಾಗ ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಅಳೆದು, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸಲಾಗುತ್ತದೆ. ಸೆಸ್ನಾ 172 ಮೊದಲು ಹಾರಿದ್ದು 1955ರಲ್ಲಿ. ಇದುವರೆಗೆ ತಯಾರಾದವು 44 ಸಾವಿರಕ್ಕೂ ಹೆಚ್ಚು. 1986ರಿಂದ ಸುಮಾರು ಹತ್ತು ವರ್ಷ ಅದರ ತಯಾರಿಕೆಯೇ ನಿಂತಿತ್ತು. ಹಾಗಾಗಿ ಜಗತ್ತಿನ ತರಬೇತಿ ಶಾಲೆಗಳಲ್ಲಿ ಹಳೆಯ ವಿಮಾನಗಳಿರುವುದು ಅಸಹಜವೇನಲ್ಲ. ಹಳೆಯ ವಿಮಾನದಲ್ಲಿ ನನ್ನನ್ನು ಕಾಡುವುದು ಎಂಜಿನ್ನಲ್ಲ, ತುಕ್ಕು. ಅದರಲ್ಲೂ ಕಡಲ ತೀರದಲ್ಲಿ ಬಯಲಿಗೇ ನಿಲ್ಲಿಸಿದ ವಿಮಾನಗಳ ರೆಕ್ಕೆಯ ಒಳಭಾಗದ ತುಕ್ಕು.

ಅಮೆರಿಕದಲ್ಲಿ ಸಣ್ಣ ವಿಮಾನಗಳ ಹಾರಾಟದ ಲೆಕ್ಕವನ್ನು ದಶಕಗಳಿಂದ ಇಟ್ಟಿದ್ದಾರೆ. ಅಲ್ಲಿ ಸರಿಸುಮಾರು ಒಂದು ಲಕ್ಷ ಗಂಟೆಗಳ ಹಾರಾಟಕ್ಕೆ ಒಂದರಂತೆ ಸಾವು ಸಂಭವಿಸುವ ಅಪಘಾತಗಳಾಗುತ್ತವೆ, ಮತ್ತು ಒಟ್ಟು ಅಪಘಾತಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿಗೆ ಪೈಲಟ್ಟಿನ ನಿರ್ಧಾರ ಅಥವಾ ಕೈಚಳಕದ ಕೊರತೆಯೇ ಕಾರಣವೆಂದು ತೀರ್ಮಾನವಾಗುತ್ತದೆ. ಎಂಜಿನಿಯರಾದವನು ಹೊರೆಯನ್ನೆಲ್ಲ ಪೈಲಟ್ಟಿನ ಮೇಲೆ ಹಾಕುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಡೆಯ ತಪ್ಪುಗಳೂ ಇವೆ. ಬಿಗಿ ಮಾಡದೆ ಬಿಟ್ಟ ಒಂದು ಇಂಧನ ಪೈಪು ಅಥವಾ ಅದಲುಬದಲಾಗಿ ಜೋಡಿಸಿದ ಒಂದು ನಿಯಂತ್ರಣ ಕೇಬಲ್ಲು ಸಾಕು. ಅದಕ್ಕೇ ದೊಡ್ಡ ದುರಸ್ತಿಯಾದ ನಂತರದ ಮೊದಲ ಹಾರಾಟವನ್ನು ಅನುಭವಿಗಳು ಸದಾ ಅನುಮಾನದಿಂದಲೇ ನೋಡುತ್ತಾರೆ.

ಪ್ರಶ್ನೆ (ಶಿವಮೊಗ್ಗದ ಸದಸ್ಯ): ವಿಮಾನಗಳು ಹುಟ್ಟಿದ ಕಾಲದಲ್ಲೂ ತಪ್ಪು ಪೈಲಟ್ಟಿನದೇ ಆಗಿರುತ್ತಿತ್ತೇ?

ಉತ್ತರ: ಇಲ್ಲ, ಆಗ ಯಂತ್ರವೇ ಕೈಕೊಡುತ್ತಿತ್ತು. ಎಂಜಿನ್ ಇರುವ ವಿಮಾನದ ಅಪಘಾತದಲ್ಲಿ ಮೊದಲು ಪ್ರಾಣ ಕಳೆದುಕೊಂಡವರು ಅಮೆರಿಕದ ಸೇನೆಯ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮೈಯರ್‌ನಲ್ಲಿ ಆರ್ವಿಲ್ ರೈಟ್ ನಡೆಸುತ್ತಿದ್ದ ವಿಮಾನದ ಪ್ರೊಪೆಲ್ಲರ್ ಸೀಳಿ, ರಡ್ಡರನ್ನು (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಹಿಡಿದಿದ್ದ ತಂತಿಗೆ ಬಡಿಯಿತು. ಆರ್ವಿಲ್ ತೀವ್ರವಾಗಿ ಗಾಯಗೊಂಡು ಬದುಕಿದರು. ಲೋಹ, ಎಂಜಿನ್ ಮತ್ತು ತಪಾಸಣೆಯ ಕ್ರಮ ಸುಧಾರಿಸಿದಂತೆಲ್ಲ ಯಂತ್ರದ ಪಾಲು ಕುಗ್ಗಿ ಮನುಷ್ಯನ ಪಾಲು ಎದ್ದು ಕಾಣತೊಡಗಿತು.

ಪ್ರಶ್ನೆ (ತರಬೇತಿಯಲ್ಲಿರುವ ವಿದ್ಯಾರ್ಥಿ, ಹುಬ್ಬಳ್ಳಿ): ಸರ್, ಟೇಕ್‌ಆಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂದಿರುಗಬಾರದು, ನೇರ ಮುಂದೆಯೇ ಇಳಿಯಬೇಕು ಎಂದು ನಮ್ಮ ಇನ್‌ಸ್ಟ್ರಕ್ಟರ್ ಪದೇಪದೇ ಹೇಳುತ್ತಾರೆ. ಹಿಂದೆ ಒಳ್ಳೆಯ ರನ್‌ವೇ ಇರುವಾಗ ಮುಂದಿನ ಹೊಲಕ್ಕೆ ಇಳಿಸುವುದು ಏಕೆ?

ಉತ್ತರ: ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ ಮಾತನ್ನು ಲೆಕ್ಕದಲ್ಲೇ ನೋಡೋಣ. ಸೆಸ್ನಾ 172 ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಹಲಗೆ) ಇಳಿಸದೆ, ರೆಕ್ಕೆ ಮಟ್ಟವಾಗಿದ್ದಾಗ ಸುಮಾರು 48 ನಾಟ್ (ಗಂಟೆಗೆ ಸುಮಾರು 89 ಕಿ.ಮೀ.) ವೇಗದಲ್ಲಿ ಸ್ಟಾಲ್ ಆಗುತ್ತದೆ. ರೆಕ್ಕೆಯ ಮೇಲೆ ಹರಿಯುವ ಗಾಳಿ ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ. ವಿಮಾನವನ್ನು ವಾಲಿಸಿ ಎತ್ತರ ಬಿಡದಂತೆ ತಿರುಗಿಸಿದರೆ ರೆಕ್ಕೆ ಹೊರುವ ಭಾರ ಹೆಚ್ಚುತ್ತದೆ, ಅದರ ಜೊತೆಗೆ ಸ್ಟಾಲ್ ಆಗುವ ವೇಗವೂ ಏರುತ್ತದೆ. 45 ಡಿಗ್ರಿ ವಾಲಿದರೆ ಅದು ಸುಮಾರು 57 ನಾಟ್‌ಗೂ, 60 ಡಿಗ್ರಿ ವಾಲಿದರೆ ಸುಮಾರು 68 ನಾಟ್‌ಗೂ ಬರುತ್ತದೆ. ಎಂಜಿನ್ ಇಲ್ಲದೆ ತೇಲಿ ಇಳಿಯಲು ನಿಮಗೆ ಕಲಿಸಿರುವ ವೇಗವೂ ಅಷ್ಟೇ, 68 ನಾಟ್. ನೆಲ ಹತ್ತಿರವಾಗುತ್ತಿದೆ ಎಂಬ ಗಾಬರಿಯಲ್ಲಿ ಕಡಿದಾಗಿ ವಾಲಿಸಿ ಯೋಕನ್ನು, ಅಂದರೆ ನಿಯಂತ್ರಣ ಚಕ್ರವನ್ನು, ಎದೆಯ ಕಡೆಗೆ ಎಳೆದವನಿಗೆ ಉಳಿಯುವ ಅಂತರ ಸೊನ್ನೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಮೇಲೇರುವಾಗ ಮೂಗು ಎತ್ತಿಕೊಂಡೇ ಇರುವುದರಿಂದ ಎಂಜಿನ್ ನಿಂತ ಕ್ಷಣದಿಂದಲೇ ವೇಗ ಕರಗತೊಡಗುತ್ತದೆ. ಏನಾಯಿತೆಂದು ಅರಿವಾಗಲು ಯಾರಿಗಾದರೂ ಮೂರು ನಾಲ್ಕು ಸೆಕೆಂಡು ಬೇಕು. ಹಿಂದಿರುಗುವುದೆಂದರೆ ಬರೀ 180 ಡಿಗ್ರಿ ತಿರುವಲ್ಲ. ರನ್‌ವೇಯ ಗೆರೆಗೆ ಮತ್ತೆ ಸರಿಹೊಂದಲು ಇನ್ನಷ್ಟು ತಿರುಗಬೇಕು, ಮತ್ತು ಎದುರುಗಾಳಿಯಲ್ಲಿ ಮೇಲೆದ್ದ ವಿಮಾನ ಈಗ ಗಾಳಿ ಬೆನ್ನಿಗಿದ್ದು ವೇಗವಾಗಿ ನೆಲ ಮುಟ್ಟುತ್ತದೆ. ತಿರುವಿನಲ್ಲಿ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ, ರಡ್ಡರ್ ತಪ್ಪಾಗಿ ಒತ್ತಿಕೊಂಡಿದ್ದರೆ ವಿಮಾನ ಸ್ಪಿನ್ನಿಗೆ ಬೀಳುತ್ತದೆ, ಅಂದರೆ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಆ ಎತ್ತರದಲ್ಲಿ ಸ್ಪಿನ್ನಿನಿಂದ ಹೊರಬರಲು ಜಾಗವಿಲ್ಲ. ಎಂಜಿನ್ ಸರಿಯಾಗಿಯೇ ಓಡುತ್ತಿರುವಾಗಲೂ, ಇಳಿಯಲು ಬರುವವರು ರನ್‌ವೇಯ ಗೆರೆ ದಾಟಿ ಹೋದಾಗ ಅದನ್ನು ಸರಿಪಡಿಸಲೆಂದು ಕೊನೆಯ ತಿರುವನ್ನು ಬಿಗಿಗೊಳಿಸಿ ಇದೇ ರೀತಿ ಬೀಳುತ್ತಾರೆ. ಹಾರಾಟದ ನಡುವೆ ನಿಯಂತ್ರಣ ತಪ್ಪುವುದೇ ಸಣ್ಣ ವಿಮಾನಗಳಲ್ಲಿ ಸಾವಿಗೆ ಅತಿ ದೊಡ್ಡ ಕಾರಣ.

ಇನ್ನು ಹೊಲದಲ್ಲಿ ಇಳಿಯುವ ಮಾತು. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ಬಳಿ ಒಂದು ತರಬೇತಿ ವಿಮಾನ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ರೆಕ್ಕೆ ಮಟ್ಟವಾಗಿಟ್ಟುಕೊಂಡು, ಹಿಡಿತ ಬಿಡದೆ, ಕಡಿಮೆ ವೇಗದಲ್ಲಿ ನೆಲ ಮುಟ್ಟಿದ ಸಣ್ಣ ವಿಮಾನ ಜಜ್ಜಿಹೋಗಬಹುದು. ಆದರೆ ಒಳಗಿರುವವರು ಎದ್ದು ಬರುವ ಸಾಧ್ಯತೆ ಹೆಚ್ಚು. ವಿಮಾನವನ್ನು ಉಳಿಸುವ ಯೋಚನೆಯನ್ನು ಎಂಜಿನ್ ನಿಂತ ಕ್ಷಣದಲ್ಲೇ ಬಿಟ್ಟುಬಿಡಿ. ಅದರ ಚಿಂತೆ ವಿಮಾ ಕಂಪನಿಗಿರಲಿ.

ಪ್ರಶ್ನೆ (ಟೆಕ್ಸಾಸ್‌ನಲ್ಲಿರುವ ಕನ್ನಡಿಗ): ನಾನಿಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಪಡೆದು ವಾರಾಂತ್ಯದಲ್ಲಿ ಹಾರುತ್ತೇನೆ. ಉಪಕರಣ ನೋಡಿ ಹಾರುವ ಅರ್ಹತೆ ಇನ್ನೂ ಇಲ್ಲ. ಆಕಸ್ಮಿಕವಾಗಿ ಮೋಡದೊಳಗೆ ಹೋದರೆ ಅಪಾಯ ಎಷ್ಟು? ನನ್ನ ವಿಮಾನದಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಕೂಡ ಇದೆ.

ಉತ್ತರ: 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಿಮ್ಮಂಥದೇ ಸ್ಥಿತಿಯಲ್ಲಿದ್ದ 20 ಮಂದಿಯನ್ನು, ಹೊರಗಿನ ನೋಟ ಮರೆಮಾಡಿದ ಬೊನಾಂಜಾ ವಿಮಾನದಲ್ಲಿ ಪರೀಕ್ಷಿಸಿದರು. ಇಪ್ಪತ್ತೂ ಮಂದಿ ನಿಯಂತ್ರಣ ಕಳೆದುಕೊಂಡರು. ಅದಕ್ಕೆ ಹಿಡಿದ ಸಮಯ ಸರಾಸರಿ 178 ಸೆಕೆಂಡು. ಒಳಗಿವಿಯ ದ್ರವವು ನಿಧಾನವಾದ ವಾಲುವಿಕೆಯನ್ನು ಗುರುತಿಸುವುದೇ ಇಲ್ಲ. ವಿಮಾನ ವಾಲಿ ಸುರುಳಿಯಾಗಿ ಇಳಿಯುತ್ತಿದ್ದರೂ ದೇಹಕ್ಕೆ ಎಲ್ಲವೂ ನೆಟ್ಟಗಿರುವಂತೆ ಭಾಸವಾಗುತ್ತದೆ. ಆದ್ದರಿಂದ ಪೈಲಟ್ ಯೋಕನ್ನು ಎಳೆಯುತ್ತಾನೆ, ಅದರಿಂದ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಅದೇ ಮಂದಿಗೆ ಮೋಡದಿಂದ ಹಿಂದಿರುಗುವ ಒಂದು ಸರಳ ಕ್ರಮವನ್ನು ಹೇಳಿಕೊಟ್ಟ ಮೇಲೆ ಬಹುತೇಕ ಎಲ್ಲ ಪ್ರಯತ್ನಗಳೂ ಯಶಸ್ವಿಯಾದವು. ಅದನ್ನು ನೀವೂ ಇನ್‌ಸ್ಟ್ರಕ್ಟರ್ ಜೊತೆ ಅಭ್ಯಾಸ ಮಾಡಬಹುದು.

1959ರ ಫೆಬ್ರವರಿ 3ರಂದು ಅಯೋವಾದಲ್ಲಿ ಗಾಯಕ ಬಡ್ಡಿ ಹಾಲಿ ತೀರಿಕೊಂಡ ಅಪಘಾತದಲ್ಲಿ ಪೈಲಟ್ಟಿಗೆ 21 ವರ್ಷ. ಹಿಮ ಬೀಳುತ್ತಿದ್ದ ರಾತ್ರಿ, ಉಪಕರಣ ಹಾರಾಟದ ಅರ್ಹತೆ ಇರಲಿಲ್ಲ. ನಲವತ್ತು ವರ್ಷಗಳ ನಂತರ, 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನೆಡಿ ಜೂನಿಯರ್ ಪೈಪರ್ ಸರಟೋಗಾ ವಿಮಾನದಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದರು. ಅಲ್ಲಿ ಮೋಡವೂ ಬೇಕಾಗಲಿಲ್ಲ. ಮಬ್ಬು ಮತ್ತು ಕಪ್ಪು ನೀರು ಸೇರಿ ದಿಗಂತವನ್ನು ಅಳಿಸಿದ್ದವು. ವಿಮಾನದಲ್ಲಿ ದೋಷ ಕಂಡುಬರಲಿಲ್ಲ. ಎರಡೂ ಕಡೆ ಆ ರಾತ್ರಿ ಹೊರಡುವ ನಿರ್ಧಾರವನ್ನು ನೆಲದ ಮೇಲೆ ನಿಂತೇ ತೆಗೆದುಕೊಂಡಿದ್ದರು.

ಪ್ಯಾರಾಚೂಟ್ ಒಳ್ಳೆಯ ಸಾಧನ. ಸಿರ್ರಸ್ ವಿಮಾನದ ಪ್ಯಾರಾಚೂಟ್ ಮೊದಲ ಜೀವ ಉಳಿಸಿದ್ದು 2002ರ ಅಕ್ಟೋಬರಿನಲ್ಲಿ, ನಿಮ್ಮ ಟೆಕ್ಸಾಸ್‌ನಲ್ಲೇ. ಆದರೂ ಆರಂಭದ ವರ್ಷಗಳಲ್ಲಿ ಆ ವಿಮಾನಗಳ ಅಪಘಾತದ ದಾಖಲೆ ನಿರೀಕ್ಷಿಸಿದಷ್ಟು ಸುಧಾರಿಸಲಿಲ್ಲ, ಏಕೆಂದರೆ ಅನೇಕರು ಪ್ಯಾರಾಚೂಟಿನ ಹಿಡಿಯನ್ನು ಎಳೆಯಲೇ ಇಲ್ಲ. ಎಳೆಯುವುದನ್ನೂ ತರಬೇತಿಯ ಭಾಗ ಮಾಡಿದ ಮೇಲೆ ಸ್ಥಿತಿ ಬದಲಾಯಿತು.

ಪ್ರಶ್ನೆ (ಹುಬ್ಬಳ್ಳಿಯ ವಿದ್ಯಾರ್ಥಿ): ಎಂಜಿನ್ ನಿಲ್ಲುವುದೇ ಆದರೆ ಸಾಮಾನ್ಯವಾಗಿ ಯಾವುದರಿಂದ?

ಉತ್ತರ: ಇಂಧನದಿಂದ. ಖಾಲಿಯಾಗಿರುತ್ತದೆ, ಇಲ್ಲವೇ ಒಂದು ಟ್ಯಾಂಕಿನಲ್ಲಿದ್ದರೂ ಇನ್ನೊಂದಕ್ಕೆ ತಿರುಗಿಸಿರುತ್ತಾರೆ, ಇಲ್ಲವೇ ನೀರು ಸೇರಿರುತ್ತದೆ. ಗೇಜನ್ನು ನಂಬದೆ ಅಳತೆ ಕಡ್ಡಿ ಇಳಿಸಿ ನೋಡಿ. ರೆಕ್ಕೆಯ ಕೆಳಗಿನ ಡ್ರೈನಿನಿಂದ ಪಾರದರ್ಶಕ ಕಪ್ಪಿಗೆ ಸ್ವಲ್ಪ ಇಳಿಸಿಕೊಂಡರೆ ಏವಿಯೇಷನ್ ಪೆಟ್ರೋಲು ತಿಳಿನೀಲಿಯಾಗಿ ಕಾಣಬೇಕು. ನೀರಿದ್ದರೆ ಅದು ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಕಪ್ಪಿನ ತುಂಬ ನೀರೇ ಬಂದರೆ ಗೆರೆಯೇ ಕಾಣದೆ ಮೋಸ ಹೋಗುತ್ತೀರಿ, ಆದ್ದರಿಂದ ಬಣ್ಣವನ್ನೂ ವಾಸನೆಯನ್ನೂ ನೋಡಬೇಕು.

ನಿಮ್ಮ ವಿಮಾನದಲ್ಲಿ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಇದ್ದರೆ ಮಂಜುಗಡ್ಡೆಯ ಮಾತೂ ಇದೆ. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ತೇವ ಹೆಚ್ಚಿದ್ದರೆ, ಪೆಟ್ರೋಲು ಆವಿಯಾಗುವ ತಂಪಿಗೆ ಕಾರ್ಬ್ಯುರೇಟರ್ ಒಳಗೆ ಮಂಜು ಕಟ್ಟುತ್ತದೆ. ಆರ್‌ಪಿಎಂ ಮೆಲ್ಲನೆ ಇಳಿಯುವುದೇ ಮೊದಲ ಸೂಚನೆ. ಕಾರ್ಬ್ಯುರೇಟರಿಗೆ ಬಿಸಿಗಾಳಿ ಹರಿಸುವ ಕಾರ್ಬ್ ಹೀಟ್ ಗುಂಡಿಯನ್ನು ಎಳೆದಾಗ ಕರಗಿದ ನೀರು ಒಳಹೋಗಿ ಎಂಜಿನ್ ಮೊದಲಿಗಿಂತ ಹೆಚ್ಚು ಕೆಮ್ಮುತ್ತದೆ. ಹೆದರಿ ಅದನ್ನು ಮತ್ತೆ ಒಳಕ್ಕೆ ತಳ್ಳಿಬಿಡುವವರಿದ್ದಾರೆ. ತಳ್ಳಬೇಡಿ, ಬಿಸಿ ತನ್ನ ಕೆಲಸ ಮಾಡಲಿ.

ಪ್ರಶ್ನೆ (ಬೆಂಗಳೂರಿನ ಸದಸ್ಯ): ನಮ್ಮ ಊರಿನ ಎತ್ತರಕ್ಕೂ ಬಿಸಿಲಿಗೂ ಇದರಲ್ಲಿ ಪಾತ್ರವಿದೆಯೇ?

ಉತ್ತರ: ಇದೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇರುತ್ತದೆ. ಬಿಸಿ ಗಾಳಿ ಎತ್ತರದ ಗಾಳಿಯಂತೆ ತೆಳುವಾಗಿರುವುದರಿಂದ, ಹೆಚ್ಚಿನ ಪ್ರತಿ ಡಿಗ್ರಿಗೆ 120 ಅಡಿ ಎತ್ತರ ಸೇರಿಸುವುದು ಪೈಲಟ್ಟುಗಳ ಅಂದಾಜು. ಹಾಗೆ ಲೆಕ್ಕ ಹಾಕಿದರೆ ಎಂಜಿನ್ನು, ಪ್ರೊಪೆಲ್ಲರು, ರೆಕ್ಕೆ ಮೂರೂ 6000 ಅಡಿಗೂ ಮೇಲಿರುವಂತೆ ವರ್ತಿಸುತ್ತವೆ. ಸಾಮಾನ್ಯ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೆಳಗಿನ ಆರು ಗಂಟೆಗೆ ಇಬ್ಬರೊಂದಿಗೆ ಸಲೀಸಾಗಿ ಏರಿದ ವಿಮಾನವೇ ಮಧ್ಯಾಹ್ನ ನಾಲ್ವರು, ಸಾಮಾನು ಮತ್ತು ತುಂಬಿದ ಟ್ಯಾಂಕಿನೊಂದಿಗೆ ರನ್‌ವೇಯ ಕೊನೆಯ ಮರಗಳನ್ನು ದಾಟಲು ತಿಣುಕುತ್ತದೆ. ನಾಲ್ಕು ಸೀಟುಗಳಿವೆ ಎಂದ ಮಾತ್ರಕ್ಕೆ ನಾಲ್ಕೂ ತುಂಬಬೇಕೆಂದಿಲ್ಲ.

ಪ್ರಶ್ನೆ (ಮೈಸೂರಿನ ಸದಸ್ಯೆ): ಧನ್ಯವಾದ ಸರ್. ಮುಂದೆ ಮಗನ ಪಕ್ಕ ಕುಳಿತು ಹೋಗುವ ದಿನ ಬಂದರೆ ನಾನು ಗಮನಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇದೆ ಅಮ್ಮ. ಎಂಜಿನ್ ನಿಂತಿದ್ದರೂ ಪ್ರೊಪೆಲ್ಲರನ್ನು ಮುಟ್ಟಬೇಡಿ; ವಿಮಾನದ ಬಳಿಗೆ ಯಾವಾಗಲೂ ರೆಕ್ಕೆಯ ಹಿಂದಿನಿಂದ ಬನ್ನಿ. ಕುಳಿತ ಮೇಲೆ ಸೀಟನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ, ಕೊಂಡಿ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ, ಮಗನಿಗೂ ಹಾಗೆಯೇ ಮಾಡಲು ಹೇಳಿ. ಸೆಸ್ನಾಗಳಲ್ಲಿ ಮೇಲೇರುವಾಗ ಸೀಟು ಹಳಿಯ ಮೇಲೆ ಹಿಂದಕ್ಕೆ ಜಾರಿ, ಪೈಲಟ್ ಯೋಕಿಗೇ ಜೋತುಬಿದ್ದು ಮೂಗು ಮೇಲೆದ್ದ ಅಪಘಾತಗಳಾಗಿವೆ. 1987ರಲ್ಲಿ ಅಮೆರಿಕದಲ್ಲಿ ಆ ಹಳಿಗಳ ತಪಾಸಣೆಯನ್ನೇ ಕಡ್ಡಾಯ ಮಾಡಿದರು. ಸೊಂಟದ ಬೆಲ್ಟಿನ ಜೊತೆಗೆ ಭುಜದ ಪಟ್ಟಿಯನ್ನೂ ಹಾಕಿಕೊಳ್ಳಿ. ಅಮೆರಿಕದಲ್ಲಿ ಮುಂದಿನ ಸೀಟುಗಳಿಗೆ ಅದು ಕಡ್ಡಾಯವಾದದ್ದೇ 1978ರ ಜುಲೈ ನಂತರ ತಯಾರಾದ ವಿಮಾನಗಳಲ್ಲಿ. ಅದಕ್ಕೂ ಹಿಂದಿನ ವಿಮಾನವಾದರೆ, ಪಟ್ಟಿಯನ್ನು ಆಮೇಲೆ ಅಳವಡಿಸಿದ್ದಾರೆಯೇ ಎಂದು ಹತ್ತುವ ಮೊದಲೇ ಕೇಳಿ.