ಅಪ್‌ಡೇಟ್: ಹೀಟ್ ಪಂಪ್ ತಪ್ಪಲ್ಲ, ನನ್ನದೇ ತಪ್ಪು

ಕುವೆಂಪುನಗರದ ನಮ್ಮ ಮನೆಯ 200 ಲೀಟರಿನ ಹೀಟ್ ಪಂಪ್ (ನೀರು ಕಾಯಿಸುವ ಕರೆಂಟ್ ಯಂತ್ರ) ರಾತ್ರಿಯಿಡೀ ಓಡಿದರೂ ಬೆಳಿಗ್ಗೆ ನೀರು ಉಗುರುಬೆಚ್ಚಗೆ ಅಷ್ಟೇ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಸರಿಹೋಯಿತು. ಯಂತ್ರದೊಳಗೆ ಬಿಸಿ ಸಾಗಿಸುವ ಗ್ಯಾಸ್ ಸೋರಿದೆ ಅಂದುಕೊಂಡಿದ್ದೆ. ಅಲ್ಲ! ಮಳೆ ಎರಚಲು ಬೀಳದಿರಲಿ ಅಂತ ಪಂಪ್ ಇಟ್ಟಿರುವ ಯುಟಿಲಿಟಿ ಜಾಗಕ್ಕೆ ಸುತ್ತಲೂ ಶೀಟ್ ಹೊಡೆಸಿದ್ದು ನಾನೇ. ಈ ಯಂತ್ರ ಗಾಳಿಯಲ್ಲಿನ ಬಿಸಿಯನ್ನು ನೀರಿಗೆ ಕೊಟ್ಟು ತಣ್ಣನೆ ಗಾಳಿ ಹೊರಗೆ ಬಿಡುತ್ತದೆ. ಆ ಗಾಳಿಗೆ ಹೋಗಲು ದಾರಿಯಿಲ್ಲ, ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಗಾಳಿಯ ಬಿಸಿ ಹೀರುವ ಕೊಳವೆಯ (ಕಾಯಿಲ್) ಮೇಲೆ ಐಸ್ ಬೇರೆ. "ಮೊದಲು ಗಾಳಿ ಆಡುತ್ತದಾ ನೋಡಿ" ಅಂದವರಿಗೆ ಥ್ಯಾಂಕ್ಸ್. ಶೀಟ್ ಬಿಚ್ಚಿಸಿದೆ, ಕಾಯಿಲ್ ಮೇಲಿನ ತೆಳು ಲೋಹದ ಹಾಳೆಗಳಾದ ಫಿನ್‌ಗಳ ಧೂಳನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆದೆ. ಈಗ ಐದು ಗಂಟೆಯೊಳಗೆ 50 ಡಿಗ್ರಿ. ಕರೆಂಟ್ ಬಿಲ್ ಇನ್ನೂ ಬಂದಿಲ್ಲ. ಮಂಡ್ಯದ ನಮ್ಮ ಮಾವ ಮಾತ್ರ ಇವತ್ತಿಗೂ ಹಂಡೆ ಒಲೆಯೇ ವಾಸಿ ಅನ್ನುತ್ತಾರೆ.