ಸಿರ್ಮಿಯೋನೆ: ಕೋಟೆ ಊರಿನ ಬಾಯಲ್ಲೇ ಏಕೆ, ಹಡಗುಕಟ್ಟೆಗೂ ಗೋಡೆ ಏಕೆ?

ಪ್ರಶ್ನೆ – ನಕ್ಷೆಹುಳ
ಇಟಲಿಯ ಗಾರ್ಡಾ ಸರೋವರದ ದಕ್ಷಿಣ ದಡದಿಂದ ನೀರೊಳಕ್ಕೆ ಸುಮಾರು 4 ಕಿ.ಮೀ. ಚಾಚಿಕೊಂಡ ನೆಲದ ಮೇಲೆ ಸಿರ್ಮಿಯೋನೆ ಇದೆ. ಎತ್ತರದ ಬಂಡೆ ಇರುವುದು ಉತ್ತರದ ತುದಿಯಲ್ಲಿ, ರೋಮನ್ನರ ಕಾಲದ ಬಂಗಲೆಯ ಅವಶೇಷವೂ ಅಲ್ಲೇ. ಹಾಗಿದ್ದೂ ವೆರೋನಾದ ಡೆಲ್ಲಾ ಸ್ಕಾಲಾ ದೊರೆಗಳು ಕೋಟೆ ಕಟ್ಟಿದ್ದು ತಗ್ಗಿನಲ್ಲಿ, ನೆಲ ಕಿರಿದಾಗುವ ಕಡೆ. ಯಾಕೆ? ಪಕ್ಕದ ಹಡಗುಕಟ್ಟೆಗೂ ಕೋಟೆಗೋಡೆ ಸುತ್ತಿಸಿದ್ದಾರಲ್ಲ, ಅದರ ಲೆಕ್ಕವೇನು? ಇನ್ನೊಂದು: 1439ರಲ್ಲಿ ವೆನಿಸ್‌ನವರು ಇದೇ ಸರೋವರಕ್ಕೆ ಬೆಟ್ಟ ಹತ್ತಿಸಿ ಹಡಗು ತಂದರಂತೆ. ಸರೋವರದಿಂದ ಮಿಂಚೊ ನದಿ ಹರಿದು ಪೋ ಸೇರುತ್ತದಲ್ಲ, ಅದರಲ್ಲೇ ಬರಬಹುದಿತ್ತಲ್ಲವೇ?

ಉತ್ತರ – ಕೊತ್ತಲ
ತುದಿಯಲ್ಲಿ ಕೋಟೆ ಕಟ್ಟಿದ್ದರೆ ಊರು ಶತ್ರುವಿನ ಕಡೆಗೆ ಬಿದ್ದುಹೋಗುತ್ತಿತ್ತು. ಕಿರಿದಾದ ಕತ್ತಿನಲ್ಲಿ ಕಾಲುವೆ ಕಡಿದರೆ ಊರು ದ್ವೀಪವಾಗುತ್ತದೆ. ಆಮೇಲೆ ಒಳಹೋಗಲು ಉಳಿಯುವುದು ಒಂದೇ ಸೇತುವೆ, ಒಂದೇ ಬಾಗಿಲು. ಇವತ್ತಿಗೂ ನೆಲದ ದಾರಿ ಅದೊಂದೇ.

ಜನ ಗಮನಿಸದ ಸಂಗತಿ ಬೇರೆ ಇದೆ. ಕೋಟೆಯ ನಾಲ್ಕೂ ಕಡೆ ನೀರು, ಅಂದರೆ ಊರಿಗೂ ಕೋಟೆಗೂ ನಡುವೆಯೂ ಕಂದಕ. ದಂಡು ಹೊರಗಿನವರನ್ನು ಮಾತ್ರವಲ್ಲ, ಊರನ್ನೂ ಕಾಯುತ್ತಿತ್ತು, ಎರಡೂ ಅರ್ಥದಲ್ಲಿ. ಕಾರಣ ಇಲ್ಲದಿರಲಿಲ್ಲ: ರೋಮಿನ ಚರ್ಚು ಧರ್ಮದ್ರೋಹಿಗಳೆಂದ ಕ್ಯಾಥರ್ ಎಂಬ ಕ್ರೈಸ್ತ ಪಂಥದವರು ಇಲ್ಲಿ ಆಶ್ರಯ ಪಡೆದಿದ್ದರು. 1276ರಲ್ಲಿ ವೆರೋನಾದ ಪಡೆ ಅವರನ್ನು ಹಿಡಿದೊಯ್ದಿತು, 1278ರ ಫೆಬ್ರುವರಿಯಲ್ಲಿ ವೆರೋನಾದ ಅರೆನಾದಲ್ಲಿ ಸುಟ್ಟರು.

ಮೂಲೆಯ ಬುರುಜುಗಳನ್ನು ಒಳಗಿನಿಂದ ನೋಡಿ. ಮೂರು ಬದಿ ಗೋಡೆ, ಅಂಗಳದ ಬದಿ ಬರಿದು. ಕಲ್ಲು ಉಳಿಸಲು ಮಾಡಿದ್ದಲ್ಲ. ಶತ್ರು ಒಂದು ಬುರುಜು ಹಿಡಿದರೂ ಅವನ ಬೆನ್ನಿಗೆ ಮರೆ ಸಿಗದು, ನಡುಗೋಪುರದಿಂದ ನೇರ ಬಾಣ ಬಿಡಬಹುದು. ಗೋಡೆಯ ಮೇಲಿನ ತೆನೆಗಳು ಹಕ್ಕಿಬಾಲದಂತೆ ಸೀಳಿರುವುದು, ಪೋಪ್‌ಗೆ ಎದುರಾಗಿ ಪವಿತ್ರ ರೋಮನ್ ಚಕ್ರವರ್ತಿಯ ಪಕ್ಷ ಹಿಡಿದವರ ಗುರುತು.

ಉತ್ತರ – ಗಾಳಿಪಟ್ಟಿ
ಹಡಗುಕಟ್ಟೆಯ ಬಗ್ಗೆ ನಾನು ಸೇರಿಸುತ್ತೇನೆ. ಮಧ್ಯಯುಗದಲ್ಲಿ ಈ ಸರೋವರವೇ ಹೆದ್ದಾರಿ. ಉತ್ತರಾರ್ಧದಲ್ಲಿ ಬಂಡೆ ನೇರ ನೀರಿಗಿಳಿಯುತ್ತದೆ, ದಡದುದ್ದಕ್ಕೂ ಗಾಡಿದಾರಿ ಇರಲಿಲ್ಲ. ಸರಕು, ಸೈನ್ಯ ಎಲ್ಲಕ್ಕೂ ದೋಣಿಯೇ ಗತಿ. ಬೆಳಿಗ್ಗೆ ಉತ್ತರದಿಂದ ಪೆಲೇರ್, ಮಧ್ಯಾಹ್ನ ದಕ್ಷಿಣದಿಂದ ಓರಾ ಎಂಬ ಗಾಳಿ. ಹೀಗಾಗಿ ಒಂದೇ ದಿನದಲ್ಲಿ ಹೋಗಿಬರುವುದೂ ಸಾಧ್ಯ. ಯಾರ ಹತ್ತಿರ ಸುಸ್ಥಿತಿಯ ಹಡಗುಗಳಿವೆಯೋ ಅವರದೇ ಸರೋವರ. ಲಂಗರು ಹಾಕಿದ ಹಡಗಿಗೆ ರಾತ್ರಿ ಬೆಂಕಿಯಿಟ್ಟರೆ ಮುಗಿಯಿತು, ಅದಕ್ಕೇ ಗೋಡೆ.

ಒಂದೇ ತೊಂದರೆ: ಅಲೆ ತಡೆಯುವ ಗೋಡೆ ಹೂಳನ್ನೂ ಒಳಗೇ ನಿಲ್ಲಿಸುತ್ತದೆ. ಬಳಕೆ ತಪ್ಪಿದ ಮೇಲೆ ಕಟ್ಟೆ ತುಂಬಿಹೋಯಿತು. ಈಗ ಕಾಣುವ ನೀರು 20ನೇ ಶತಮಾನದ ದುರಸ್ತಿಯ ಫಲ.

ಉತ್ತರ – ಹಳೆದಾರಿ
1439ರ ವಿಷಯ. ಮಿಂಚೊ ದಾರಿ ಮುಚ್ಚಿತ್ತು. ಅದು ಮಾಂಟೊವಾ ಮೂಲಕ ಹರಿಯುತ್ತದೆ. ಅಲ್ಲಿನ ದೊರೆ ಗೊಂಜಾಗಾ 1438ರಲ್ಲಿ ವೆನಿಸ್ ಬಿಟ್ಟು ಮಿಲಾನಿನ ವಿಸ್ಕೊಂಟಿ ಪಕ್ಷ ಸೇರಿದ್ದ. ಇತ್ತ ಸರೋವರದ ಪಶ್ಚಿಮಕ್ಕೆ ವೆನಿಸ್ ಕೈಯಲ್ಲಿದ್ದ ಬ್ರೆಶಾ ನಗರಕ್ಕೆ ಮಿಲಾನಿನ ಸೈನ್ಯ ಮುತ್ತಿಗೆ ಹಾಕಿತ್ತು, ಅಲ್ಲಿಗೆ ನೆರವು ಮುಟ್ಟಿಸಲು ಸರೋವರದಲ್ಲಿ ಹಡಗು ಬೇಕಿತ್ತು. ಉಳಿದದ್ದು ಆದಿಜೆ ನದಿ, ರೊವೆರೆತೊ ವರೆಗೆ ಅದು ವೆನಿಸ್‌ನದೇ.

ಚಳಿಗಾಲದಲ್ಲಿ ಆದಿಜೆಯ ನೀರು ತಗ್ಗು, ಹಡಗಿನ ತಳ ಕಚ್ಚುತ್ತದೆ. ಅದಕ್ಕೆ ಬದಿಗಳಿಗೆ ತೇಲುಗಟ್ಟುಗಳನ್ನು ಬಿಗಿದರು. ಮೋರಿ ಬಳಿ ದಡಕ್ಕೆಳೆದು, ಸುಮಾರು 2,000 ಎತ್ತು ಹೂಡಿ, ಮರದ ಉರುಳೆಗಳ ಮೇಲೆ ಲೊಪ್ಪಿಯೊ ಕೆರೆಗೆ ತಂದರು. ಕೆರೆ ದಾಟಿಸಿ ಮತ್ತೆ ಸಾನ್ ಜೊವಾನ್ನಿ ಕಣಿವೆಬಾಯಿಗೆ ಏರಿಸಿದರು, ಅದರ ಎತ್ತರ 287 ಮೀ. ನಿಜವಾದ ಕಷ್ಟ ಏರಲ್ಲ, ಇಳಿಜಾರು. ಕೆಳಗೆ, ಗಾರ್ಡಾದ ಉತ್ತರ ದಡದ ಊರಾದ ತೋರ್ಬೊಲೆಯಲ್ಲಿ ನೀರು 65 ಮೀಟರ್ ಮಟ್ಟದಲ್ಲಿದೆ. ಹಗ್ಗ ಸಡಿಲಿಸುತ್ತ ಸಡಿಲಿಸುತ್ತ ಇಳಿಸಬೇಕು. ಎದುರು ಬೀಸುವ ಓರಾ ಗಾಳಿಗೆ ಹಾಯಿ ಬಿಚ್ಚಿ ತಡೆ ಮಾಡಿಕೊಂಡರೆಂಬ ಮಾತೂ ಇದೆ.

ಇಷ್ಟೆಲ್ಲ ಮಾಡಿಯೂ ಅದೇ ಸೆಪ್ಟೆಂಬರಿನಲ್ಲಿ ಮಾದೆರ್ನೊ ಬಳಿ ಸೋತರು. 1440ರ ವಸಂತದಲ್ಲಿ ಹೊಸ ಪಡೆ ಕಟ್ಟಿದ ಮೇಲೆಯೇ ಗೆಲುವು. ಲೊಪ್ಪಿಯೊ ಕೆರೆ ಈಗಿಲ್ಲ. ಆದಿಜೆಯ ನೆರೆನೀರನ್ನು ಗಾರ್ಡಾಕ್ಕೆ ಬಿಡಲು 10 ಕಿ.ಮೀ. ಸುರಂಗ ಕೊರೆದಾಗ 1950ರ ದಶಕದಲ್ಲಿ ಬತ್ತಿತು.

ನಕ್ಷೆಹುಳ
ಮಾಂಟೊವಾ ತಲೆಗೆ ಹೊಳೆದೇ ಇರಲಿಲ್ಲ, ಧನ್ಯವಾದ. ಇದನ್ನೆಲ್ಲ ಒಂದು ದಿನದಲ್ಲಿ ನೋಡಬಹುದೇ?

ಉತ್ತರ – ಕೊತ್ತಲ
ಸಿರ್ಮಿಯೋನೆ ಆಗುತ್ತದೆ, ತೋರ್ಬೊಲೆ ಸೇರಿಸಬೇಡಿ. ಅದು ಸರೋವರದ ಇನ್ನೊಂದು ತುದಿ, ನಡುವೆ 50 ಕಿ.ಮೀ. ಹತ್ತಿರ. ಮಿಲಾನ್–ವೆನಿಸ್ ರೈಲಿನಲ್ಲಿ ದೆಸೆಂಜಾನೊ ಅಥವಾ ಪೆಸ್ಕಿಯೆರಾದಲ್ಲಿ ಇಳಿದು ಬಸ್ ಹಿಡಿಯಿರಿ. ಕೋಟೆಬಾಗಿಲಿನಿಂದ ಮುಂದೆ ಹೊರಗಿನವರ ವಾಹನ ಬಿಡುವುದಿಲ್ಲ. ಮೊದಲು ತುದಿಯ ರೋಮನ್ ಬಂಗಲೆಗೆ ನಡೆಯಿರಿ, 1 ಕಿ.ಮೀ.ಗಿಂತ ತುಸು ಹೆಚ್ಚು, ಅಲ್ಲಿ ನೆರಳು ಕಡಿಮೆ. ಬರುವಾಗ ಸಾನ್ ಪಿಯೆತ್ರೊ ಇನ್ ಮಾವಿನೊ ಚರ್ಚು, ಕೊನೆಗೆ ಕೋಟೆ. ಗೋಪುರ ಹತ್ತಿದರೆ ಹಡಗುಕಟ್ಟೆಯ ಗೋಡೆ ಮೇಲಿನಿಂದ ಪೂರ್ತಿ ಕಾಣುತ್ತದೆ. ಸೋಮವಾರವಾದರೆ ಹೋಗುವ ಮೊದಲು ತೆರೆದಿದೆಯೇ ವಿಚಾರಿಸಿಕೊಳ್ಳಿ.